ಅಮ್ಮ ಗುಡಿಸುವ ಹಾಲ್

ಕಣ್ಣಾಸ್ಪತ್ರೆಯಲ್ಲಿ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ ಟೈಪಿಸ್ಟ್‌ಗೆ ಪಕ್ಕದ ಬೆಂಚಿನ ತಾಯಿ ಮಗಳ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ನನ್ನ ಮದುವೆಗೆ ನಿಮ್ಮ ಸ್ಕೂಲ್ ಹಾಲ್ ಪುಕ್ಕಟೆ ಕೊಡ್ತಾರಂತೆ ಕಣಮ್ಮ. ಹೆಡ್‌ಮಿಸ್ಸಿಗೆ ಸಂಜೆಯೊಳಗೆ ಹೇಳಬೇಕು.”

“ಬೇರೆ ಎಲ್ಲಾದ್ರೂ ನೋಡೋಣ.”

“ಎಲ್ಲಿ? ಛತ್ರದ ಬಾಡಿಗೆ ಕೇಳಿದಾಗಿಂದ ಅಪ್ಪ ಬಾಯೇ ಬಿಟ್ಟಿಲ್ಲ.”

“ಹದಿನಾರು ವರ್ಷದಿಂದ ನಾನು ಗುಡಿಸ್ತಿರೋ ಹಾಲ್ ಕಣೇ ಅದು.”

“ಅದಕ್ಕೇ ತಾನೇ ಪುಕ್ಕಟೆ?”

“ಬೀಗರ ಮುಂದೆ ಯಾರೋ ನೀರು ಚೆಲ್ತಾರೆ. ಯಾರೋ ಮೇಷ್ಟ್ರು ಅಭ್ಯಾಸಬಲದಲ್ಲಿ ‘ಆಯಾ, ಸ್ವಲ್ಪ ಒರೆಸು’ ಅಂತಾರೆ.”

“ಅನ್ನಲಿ. ನೀನು ಕೂತಲ್ಲಿಂದ ಏಳಬೇಡ.”

“ಅವರು ಅನ್ನದಿದ್ರೂ ನನ್ನ ಕೈ ಸುಮ್ಮನಿರಲ್ಲ ಕಣೇ. ಹೊಸ ಸೀರೆ ಉಟ್ಕೊಂಡೇ ಬಗ್ಗಿಬಿಡ್ತೀನಿ.”

ಚಪ್ಪಲಿಯೊಂದು ನೆಲಕ್ಕೆ ಟಪಟಪನೆ ಬಡಿಯಿತು.

“ಪೊರಕೆ ಇಡೋ ರೂಮಿನ ಬೀಗದ ಕೈ ಯಾರ ಹತ್ರ ಇರತ್ತೆ?”

“ನನ್ನ ಹತ್ರಾನೇ. ಯಾಕೆ?”

“ಅವತ್ತು ನನ್ನ ಸೊಂಟದಲ್ಲಿರತ್ತೆ. ಪೊರಕೆ ಬೇಕಾದವರು ಮದುಮಗಳನ್ನೇ ಕೇಳಲಿ.”

“ಹುಚ್ಚಿ!”

ನರ್ಸ್ ನಂಬರ್ ಕೂಗಿದಳು. ಬೆಂಚು ಕಿರುಗುಟ್ಟಿತು. ಬಾಗಿಲ ಕಡೆ ನಡೆಯುತ್ತಲೇ ತಾಯಿ ಹೇಳಿದಳು.

“ಹೂಂ ಅಂತ ಹೇಳಿಬಿಡು. ಆದ್ರೆ ಹಿಂದಿನ ದಿನ ನಾನೇ ಗುಡಿಸೋದು. ಬೇರೆಯವರಿಗೆ ಆ ಮೂಲೆಗಳು ಗೊತ್ತಾಗಲ್ಲ.”