ಭಾರ ಎತ್ತುವವರ ಸಂಘದ ಎಂಬತ್ತೆಂಟನೇ ಪುಟ

ನಾನು, ಊರಿನಲ್ಲಿ ಎಲ್ಲರೂ ಬೈಂಡಿಂಗ್ ಅಕ್ಕ ಎಂದು ಕರೆಯುವವಳು, ವಯಸ್ಸು 47 ವರ್ಷ, ವೃತ್ತಿ ಪುಸ್ತಕ ಬೈಂಡಿಂಗ್, ವಾಸ ಬಸ್ ಡಿಪೋ ಹಿಂದಿನ ಓಣಿಯ ಮೂರನೇ ಕಟ್ಟಡ, ಕೆಳಗೆ ಅಂಗಡಿ, ಮೇಲೆ ಮನೆ. ಇಂದು ಬೆಳಿಗ್ಗೆ 11 ಗಂಟೆ 10 ನಿಮಿಷಕ್ಕೆ ಠಾಣೆಗೆ ಹಾಜರಾಗಿ, ಯಾರೂ ಹೆದರಿಸದೆ, ಯಾರೂ ಪುಸಲಾಯಿಸದೆ, ನನ್ನ ಮೇಲಿನ ದೂರಿನ ಬಗ್ಗೆ ಈ ಮೂಲಕ ತಿಳಿಸುವುದೇನೆಂದರೆ:

ನಾನು ಭಾರ ಎತ್ತುವವರ ಸಂಘದ ನಿರ್ಣಯ ಪುಸ್ತಕದಲ್ಲಿ ನಡೆಯದ ಸಭೆಯ ನಿರ್ಣಯ ಬರೆದು ಸಂಘವನ್ನೇ ಮುಚ್ಚಿಸಿದೆ ಎಂಬುದು ದೂರು. ದೂರು ಕೊಟ್ಟವರು ಸಂಘದ ಅಧ್ಯಕ್ಷರು. ಮಾರ್ಕೆಟ್ ರಸ್ತೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾರೆ. ಊರಿನಲ್ಲಿ ಅವರಿಗೆ ಫೋಟೋ ಅಣ್ಣ ಎಂದು ಹೆಸರು. ಯಾರು ಪದಕ ಗೆದ್ದರೂ ಫೋಟೋದ ನಟ್ಟನಡುವೆ ಅವರೇ ಇರುತ್ತಾರೆ, ಗೆದ್ದವರು ಅಂಚಿನಲ್ಲಿ ಅರ್ಧ ಕಿವಿ ಕತ್ತರಿಸಿಕೊಂಡು ನಿಂತಿರುತ್ತಾರೆ. ಬರೆದುಕೊಳ್ಳುತ್ತಿರುವ ಪೇದೆಯವರು ಇದು ಬೇಡಮ್ಮ ಎಂದರು. ಬರೆಯಿರಿ ಎಂದು ನಾನೇ ಕೇಳಿಕೊಂಡಿದ್ದೇನೆ.

ಸಂಘ ಇರುವುದು ನನ್ನ ಅಂಗಡಿಯಿಂದ 340 ಮೀಟರ್ ದೂರದಲ್ಲಿ, ಲೇತ್ ವರ್ಕ್‌ಶಾಪಿನ ನೆಲಮಾಳಿಗೆಯಲ್ಲಿ. ಹದಿನಾಲ್ಕು ಮೆಟ್ಟಿಲು ಇಳಿಯಬೇಕು. ಸದಸ್ಯರು ಹದಿನೆಂಟು, ಸಮಿತಿಯಲ್ಲಿ ಏಳು ಜನ. ನನ್ನ ಮಗಳು ಹತ್ತನೇ ವಯಸ್ಸಿನಿಂದ ಅಲ್ಲಿ ಭಾರ ಎತ್ತುತ್ತಿದ್ದಳು. ಈಗ ಅವಳಿಗೆ 19 ವರ್ಷ 10 ತಿಂಗಳು. ಒಂಬತ್ತು ವರ್ಷ ನಮ್ಮ ಮನೆಯ ಬಾಗಿಲ ಹಿಡಿಯ ಮೇಲೆ, ಕಂಬಿ ಜಾರದಿರಲೆಂದು ಅವಳು ಕೈಗೆ ಹಚ್ಚಿಕೊಳ್ಳುವ ಬಿಳಿ ಪುಡಿ ಇರುತ್ತಿತ್ತು. ಒರೆಸಿ ಒರೆಸಿ ನಾನು ಬೈಯುತ್ತಿದ್ದೆ.

ನೋಂದಣಿ ಇಲ್ಲದ ಸಂಘದ ಆಟಗಾರರನ್ನು ಯಾವ ಸ್ಪರ್ಧೆಯಲ್ಲೂ ಹಲಗೆಯ ಮೇಲೆ ಹತ್ತಿಸುವುದಿಲ್ಲ. ನೋಂದಣಿ ಉಳಿಯಬೇಕಾದರೆ ಪ್ರತಿ ತಿಂಗಳ ಮೊದಲ ಭಾನುವಾರ ಸಮಿತಿ ಸಭೆ ಸೇರಬೇಕು, ಹೊಲಿದು ಪುಟಸಂಖ್ಯೆ ಹಾಕಿದ ಪುಸ್ತಕದಲ್ಲಿ ನಿರ್ಣಯ ಬರೆಯಬೇಕು, ಕೆಳಗೆ ಏಳರಲ್ಲಿ ಕನಿಷ್ಠ ಐದು ಸಹಿ ಇರಬೇಕು. ಬಿಡಿ ಹಾಳೆ ನಡೆಯುವುದಿಲ್ಲ. ಸದರಿ ಪುಸ್ತಕವನ್ನು ಹೊಲಿದವಳು ನಾನು. ನನ್ನನ್ನು ಸಮಿತಿಗೆ ಸೇರಿಸಿಕೊಂಡದ್ದು ನನ್ನ ಬುದ್ಧಿ ನೋಡಿ ಅಲ್ಲ, ನನ್ನ ಸೂಜಿ ನೋಡಿ.

ಇನ್ನು ನಮ್ಮ ಸಂಘದ ಪದ್ಧತಿ. ಪ್ರತಿ ತಿಂಗಳು ಯಾರಿಗೂ ಪುರುಸೊತ್ತಿಲ್ಲ. ಆದ್ದರಿಂದ ಜನವರಿಯ ಮೊದಲ ಭಾನುವಾರ ಎಲ್ಲರೂ ಒಮ್ಮೆ ಸೇರಿ ಹನ್ನೆರಡು ಖಾಲಿ ಪುಟಗಳ ಕೆಳಗೆ ಸಹಿ ಹಾಕಿಬಿಡುತ್ತೇವೆ. ಮೇಲಿನದನ್ನು ಅಧ್ಯಕ್ಷರು ಆಯಾ ತಿಂಗಳು ಬರೆದುಕೊಳ್ಳುತ್ತಾರೆ. ನಾನು ಸೇರಿದ ಮೊದಲ ವರ್ಷ, ಖಾಲಿ ಹಾಳೆಗೆ ಸಹಿ ಹಾಕುವುದು ಹೇಗೆ ಎಂದು ಕೇಳಿದ್ದೆ. ಅಯ್ಯೋ ಅಕ್ಕ, ನಾವೇನು ಆಸ್ತಿ ಬರೆಸ್ಕೊಳ್ತೀವಾ, ಸುಮ್ನೆ ಹಾಕಿ, ಎಲ್ಲರ ಟೈಮೂ ಉಳಿಯುತ್ತೆ ಎಂದು ಫೋಟೋ ಅಣ್ಣನವರು ನಕ್ಕರು. ಉಳಿದವರೂ ನಕ್ಕರು. ನಾನೂ ಹಲ್ಲು ಕಿರಿದು ಸಹಿ ಹಾಕಿದೆ.

ಈ ವರ್ಷ ಜನವರಿ 7ರಂದು ಬೆಳಿಗ್ಗೆ 10 ಗಂಟೆಗೆ ಸೇರಿ 81ರಿಂದ 92ರವರೆಗಿನ ಪುಟಗಳಿಗೆ ಸಹಿ ಹಾಕಿದೆವು. ಸಹಿ ಓರೆಕೋರೆ ಆಗದಿರಲಿ ಎಂದು ಪ್ರತಿ ಪುಟದ ಕೆಳಗೆ ಪೆನ್ಸಿಲಿನಿಂದ ಏಳು ಗೆರೆ ಎಳೆದುಕೊಟ್ಟವಳು ನಾನೇ. ಅರ್ಧ ಗಂಟೆಯಲ್ಲಿ ಇಡೀ ವರ್ಷದ ಸಭೆಗಳು ಮುಗಿದವು.

ಏಪ್ರಿಲ್ 5ರಂದು ಮಧ್ಯಾಹ್ನ 3 ಗಂಟೆ ಸುಮಾರಿಗೆ ಕಾಗದ ಕತ್ತರಿಸುವ ಯಂತ್ರಕ್ಕೆ ನನ್ನ ಬಲಗೈಯ ಎರಡು ಬೆರಳು ಸಿಕ್ಕಿ ಒಂಬತ್ತು ಹೊಲಿಗೆ ಬಿದ್ದವು. 9ನೇ ತಾರೀಖಿನವರೆಗೆ ಆಸ್ಪತ್ರೆಯಲ್ಲಿದ್ದೆ. ಮಗಳು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು ನನಗೆ ಚಮಚದಲ್ಲಿ ಊಟ ಮಾಡಿಸಿದಳು. ಇದನ್ನು ಹೇಳುವುದು ಏಕೆಂದರೆ, 84ನೇ ಪುಟದ ಪ್ರಕಾರ 7ನೇ ತಾರೀಖು ನಾನು ನೆಲಮಾಳಿಗೆಯ ಸಭೆಯಲ್ಲಿ ಕುಳಿತು ಅದೇ ಬಲಗೈಯಲ್ಲಿ ಸಹಿ ಹಾಕಿರುತ್ತೇನೆ.

ಏಪ್ರಿಲ್ 12ರಂದು ಮಗಳು ರಾಜ್ಯ ಸ್ಪರ್ಧೆಗೆ ನಡೆಯುವ ವಲಯ ಆಯ್ಕೆಯ ಅರ್ಜಿ ತುಂಬಲು ಸಂಘದ ಕಾರ್ಯದರ್ಶಿಯ ಬಳಿ ಹೋದಳು. ಅವರು ಔಷಧಿ ಅಂಗಡಿಯವರು, ಕೆಟ್ಟವರಲ್ಲ, ಬಾಯಿ ಇಲ್ಲದವರು. ಅವರು ಪುಸ್ತಕ ತೆರೆದು 84ನೇ ಪುಟ ತೋರಿಸಿದರು. ಅಶಿಸ್ತಿನ ಕಾರಣ ನನ್ನ ಮಗಳ ಸದಸ್ಯತ್ವವನ್ನು ಸರ್ವಾನುಮತದಿಂದ ರದ್ದು ಮಾಡಲಾಗಿದೆ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಏಳು ಸಹಿ. ನಾಲ್ಕನೆಯದು ನನ್ನದು.

ಕಾರಣ ಊರಿಗೆಲ್ಲ ಗೊತ್ತು. 59 ಕೆಜಿ ವಿಭಾಗಕ್ಕೆ ಒಂದು ಸಂಘದಿಂದ ಒಬ್ಬರನ್ನು ಮಾತ್ರ ಕಳಿಸಬಹುದು. ನನ್ನ ಮಗಳು 92 ಕೆಜಿ ಎತ್ತುತ್ತಿದ್ದಳು. ಫೋಟೋ ಅಣ್ಣನವರ ಅಣ್ಣನ ಮಗಳು 81 ಎತ್ತುತ್ತಿದ್ದಳು. ಕಿರಿಯರ ವಿಭಾಗದಲ್ಲಿ ನನ್ನ ಮಗಳಿಗೆ ಇದೇ ಕೊನೆಯ ವರ್ಷ, ಆ ಹುಡುಗಿಗೆ ಇನ್ನೂ ಎರಡು ವರ್ಷ ಇತ್ತು. ಒಂದು ವರ್ಷ ಕಾಯಲು ಅವರಿಗೆ ತಾಳ್ಮೆ ಇರಲಿಲ್ಲ.

ಸಂಜೆ 6 ಗಂಟೆ 40 ನಿಮಿಷಕ್ಕೆ ಮಗಳು ಮನೆಗೆ ಬಂದು ಚೀಲವನ್ನು ನೆಲದ ಮೇಲೆ ಇಟ್ಟು 84ನೇ ಪುಟದ ವಿಷಯ ಹೇಳಿದಳು. ನಾನು ಆಸ್ಪತ್ರೆಯಲ್ಲಿದ್ದೆ, ನೀನೇ ಪಕ್ಕದಲ್ಲಿ ಇದ್ದೆಯಲ್ಲ, ಅದು ನಾನು ಹಾಕಿದ ಸಹಿ ಅಲ್ಲ ಎಂದು ಹೇಳಿದೆ. ನೀನೇ ಹಾಕಿದ್ದಮ್ಮ, ಜನವರೀಲಿ ಹಾಕಿದ್ದೆ, ಓದ್ದೆ ಹಾಕಿದ್ದೆ ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೂ ಜಗಳಕ್ಕೆ ಒಂದು ದಾರಿ ಸಿಗುತ್ತಿತ್ತು.

ಏಪ್ರಿಲ್ 15ರಂದು 14 ಕಿಲೋಮೀಟರ್ ದೂರದಲ್ಲಿರುವ, ಇಂಥ ಸಂಘಗಳೆಲ್ಲ ಸೇರಿದ ಒಕ್ಕೂಟದ ಕಚೇರಿಗೆ ಇಬ್ಬರೂ ಹೋದೆವು. ನಾನು ಆಸ್ಪತ್ರೆಯ ಚೀಟಿ ಮೇಜಿನ ಮೇಲಿಟ್ಟೆ. ಗುಮಾಸ್ತರು ನಿಯಮ 19ನ್ನು ಬೆರಳಿಟ್ಟು ತೋರಿಸಿದರು. ನಿರ್ಣಯ ಪುಸ್ತಕದಲ್ಲಿ ಸಹಿಯೊಂದಿಗೆ ಇರುವುದನ್ನು ನಡೆದದ್ದೆಂದೇ ಭಾವಿಸತಕ್ಕದ್ದು, ಸರ್ವಾನುಮತದ ನಿರ್ಣಯಕ್ಕೆ ಮೇಲ್ಮನವಿ ಇಲ್ಲ. ಅಮ್ಮಾ, ನಿಮ್ಮದೊಂದು ಸಹಿ ಇಲ್ದೇ ಇದ್ದಿದ್ರೆ ಏನಾದ್ರೂ ಮಾಡಬಹುದಿತ್ತು ಎಂದರು. ಮಗಳು ನನ್ನ ಕಡೆ ತಿರುಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕುಳಿತಳು.

ಆ ವಾರದಲ್ಲಿ ಸಮಿತಿಯ ಉಳಿದ ಐವರ ಮನೆಗೂ ಹೋದೆ. ಏಪ್ರಿಲ್ 7ರಂದು ನೀವು ಸಭೆಗೆ ಹೋಗಿದ್ದಿರಾ ಎಂಬ ಒಂದೇ ಪ್ರಶ್ನೆ ಕೇಳಿದೆ. ಲೇತ್ ವರ್ಕ್‌ಶಾಪಿನ ಇಬ್ಬರು ಅಣ್ಣತಮ್ಮಂದಿರು ನೆನಪಿಲ್ಲ ಎಂದರು. ಕ್ಷೌರದವರು ಕನ್ನಡಿ ನೋಡುತ್ತಾ ಹಾರಿಕೆಯ ಉತ್ತರ ಕೊಟ್ಟರು. ಸಂಗೀತದ ಮೇಷ್ಟ್ರು ಒಳಗಿದ್ದುಕೊಂಡೇ ಇಲ್ಲ ಅನ್ನಿಸಿದರು. ಔಷಧಿ ಅಂಗಡಿಯವರು, ಸಹಿ ಇದೆ ಅಂದ್ರೆ ಬಂದಿರ್ತೀವಿ ಬಿಡಿ ಅಕ್ಕ, ಈಗ್ಯಾಕೆ ಕೆದಕ್ತೀರಾ ಎಂದರು. ಈ ಮಾತನ್ನು ಅವರು ಹೇಳಿದ್ದು ಏಪ್ರಿಲ್ 19ರಂದು, ಬೆಳಿಗ್ಗೆ 9 ಗಂಟೆ 25 ನಿಮಿಷಕ್ಕೆ. ನಾನು ಮರೆತಿಲ್ಲ.

ಮೇ ತಿಂಗಳಲ್ಲಿ ಫೋಟೋ ಅಣ್ಣನವರ ಅಣ್ಣನ ಮಗಳು ವಲಯಕ್ಕೆ ಹೋಗಿ ರಾಜ್ಯ ಸ್ಪರ್ಧೆಗೆ ಆಯ್ಕೆಯಾದಳು. ನನ್ನ ಮಗಳು ಪಾರ್ಸೆಲ್ ಗೋದಾಮಿನಲ್ಲಿ ಕೆಲಸಕ್ಕೆ ಸೇರಿ ಪೆಟ್ಟಿಗೆಗಳನ್ನು ಎತ್ತತೊಡಗಿದಳು. ನನ್ನೊಂದಿಗೆ ಬೇಕಾದಷ್ಟೇ ಮಾತು. ನೀರು ಬಂತು, ಗ್ಯಾಸ್ ಮುಗೀತು, ಅಷ್ಟೆ. ಬಾಗಿಲ ಹಿಡಿ ಸ್ವಚ್ಛವಾಗಿತ್ತು. ಆದರೂ ನಾನು ದಿನವೂ ಅದನ್ನು ಒರೆಸುತ್ತಿದ್ದೆ.

ನಾನು ಸೇಡು ತೀರಿಸಿಕೊಳ್ಳಬೇಕೆಂದು ನಿರ್ಧರಿಸಿದ್ದು ಆಗಲೇ. ಇದನ್ನು ಬೇರೆ ಮಾತಿನಲ್ಲಿ ಬರೆಯುವುದು ಬೇಡ. ಸಂಘದ ನಿಯಮಾವಳಿಯ 26 ಪುಟಗಳನ್ನು ನಾಲ್ಕು ಸಲ ಓದಿದೆ. ಓದಲು ಹಾಕಿಕೊಂಡದ್ದು ಫೋಟೋ ಅಣ್ಣನವರ ಅಂಗಡಿಯ ಕನ್ನಡಕವನ್ನೇ, ಒಳ್ಳೆಯ ಕನ್ನಡಕ, ಅದರಲ್ಲಿ ತಕರಾರಿಲ್ಲ. ನಿಯಮ 31ರ ಪ್ರಕಾರ ಇಪ್ಪತ್ತಕ್ಕಿಂತ ಕಡಿಮೆ ಸದಸ್ಯರಿರುವ ಸಂಘವನ್ನು ಸಮಿತಿಯ ಐವರ ಸಹಿಯಿಂದ ವಿಸರ್ಜಿಸಬಹುದು. ನಿರ್ಣಯದ ನಕಲನ್ನು ಸಮಿತಿಯ ಯಾವ ಸದಸ್ಯರು ಬೇಕಾದರೂ ನೋಂದಣಿ ಕಚೇರಿಗೆ ಸಲ್ಲಿಸಬಹುದು. ನನ್ನ ಮಗಳನ್ನು ತೆಗೆದರೇ ಹೊರತು ನನ್ನನ್ನು ಸಮಿತಿಯಿಂದ ತೆಗೆಯಲು ಅವರಿಗೆ ನೆನಪಾಗಿರಲಿಲ್ಲ. ಅಷ್ಟು ಅಸಡ್ಡೆ.

ಬೇಕಾಗಿದ್ದದ್ದು ಪುಸ್ತಕ ಒಂದೇ. ಅದಕ್ಕಾಗಿ ನಾನು ಯಾರ ಬೀಗವನ್ನೂ ಮುರಿದಿಲ್ಲ. ಆಗಸ್ಟ್ 5ರಂದು ಬೆಳಿಗ್ಗೆ 11 ಗಂಟೆಗೆ ಫೋಟೋ ಅಣ್ಣನವರೇ ಪುಸ್ತಕವನ್ನು ನನ್ನ ಅಂಗಡಿಗೆ ತಂದರು. 84ನೇ ಪುಟವನ್ನು ಊರಿಗೆಲ್ಲ ತೆರೆದು ತೋರಿಸಿ, ಜೆರಾಕ್ಸ್ ಯಂತ್ರದ ಮೇಲೆ ಒತ್ತಿ ಒತ್ತಿ ಪುಸ್ತಕದ ಬೆನ್ನು ಬಿಟ್ಟುಹೋಗಿತ್ತು. ಊರಿನಲ್ಲಿ ಬೇರೆ ಬೈಂಡರ್ ಇಲ್ಲ. ಅಕ್ಕ, ಹಳೇದೆಲ್ಲ ಮನಸ್ಸಲ್ಲಿ ಇಟ್ಕೋಬೇಡಿ, ಹೊಸ ರಟ್ಟು ಹಾಕಿಕೊಡಿ, ಗುರುವಾರ ಬರ್ತೀನಿ ಎಂದರು. ಇಟ್ಕೊಳ್ಳೋಕೆ ಮನಸ್ಸಲ್ಲಿ ಜಾಗ ಎಲ್ಲಿದೆ ಅಣ್ಣ ಎಂದು ನಕ್ಕೆ. ಅವರೂ ನಕ್ಕರು.

ಆಗಸ್ಟ್ 6ರಂದು ಬೆಳಿಗ್ಗೆ 10 ಗಂಟೆಗೆ ಅಂಗಡಿಯ ಮೇಜಿನ ಮೇಲೆ ಪುಸ್ತಕ ತೆರೆದೆ. 88ರಿಂದ ಮುಂದಿನ ಐದು ಪುಟ ಖಾಲಿ ಇದ್ದವು, ಪ್ರತಿಯೊಂದರ ಕೆಳಗೆ ಏಳು ಸಹಿ ಇತ್ತು. 88ನೇ ಪುಟದಲ್ಲಿ, ಆಗಸ್ಟ್ 4ರ ಭಾನುವಾರ ಸಭೆ ಸೇರಿ ಸಂಘವನ್ನು ಸರ್ವಾನುಮತದಿಂದ ವಿಸರ್ಜಿಸಲಾಗಿದೆ ಎಂದು ನನ್ನ ಕೈಯಾರೆ ಬರೆದೆ. ಕಾರಣ ಎಂಬಲ್ಲಿ ಅಶಿಸ್ತು ಎಂದು ಬರೆದೆ. 84ನೇ ಪುಟದಲ್ಲಿ ಇರುವ ಪದವೂ ಅದೇ. ಬೆರಳು ಇನ್ನೂ ಪೂರ್ತಿ ಮಡಚದ ಕಾರಣ ಬರೆಯಲು 50 ನಿಮಿಷ ಹಿಡಿಯಿತು.

ಒಂದು ವಿಷಯ ಸ್ಪಷ್ಟಪಡಿಸುತ್ತೇನೆ. ನಾನು ಪುಸ್ತಕದ ಒಂದು ಎಳೆ ದಾರವನ್ನೂ ಬದಲಿಸಿಲ್ಲ. ಮೂವತ್ತು ವರ್ಷ ಇದೇ ಕೆಲಸ ಮಾಡಿದವಳಿಗೆ 84ನೇ ಪುಟವನ್ನು ಬಿಚ್ಚಿ ತೆಗೆದು, ಯಾರಿಗೂ ಗೊತ್ತಾಗದಂತೆ ಬೇರೆ ಹಾಳೆ ಹೊಲಿಯುವುದು ಕಷ್ಟವಾಗಿರಲಿಲ್ಲ. ಬೇಕೆಂದೇ ಬಿಟ್ಟೆ. ಬೆನ್ನಿಗೆ ಅಂಟು ಹಾಕಿ ಹೊಸ ರಟ್ಟು ಕೂರಿಸಿ, ಗುರುವಾರ ಪುಸ್ತಕ ವಾಪಸು ಕೊಟ್ಟೆ. ಫೋಟೋ ಅಣ್ಣನವರು ರಟ್ಟನ್ನು ಸವರಿ ನೋಡಿ ಹೊಗಳಿದರು. ತೆರೆದು ನೋಡಲಿಲ್ಲ.

ಅಷ್ಟರಲ್ಲಿ, ಅಂದರೆ ಬುಧವಾರ ಆಗಸ್ಟ್ 7ರಂದು, ನಕಲನ್ನು ನೋಂದಣಿ ಕಚೇರಿಗೆ ಸಲ್ಲಿಸಿ ಆಗಿತ್ತು. ಅಲ್ಲಿಯ ಗುಮಾಸ್ತೆ ಸಹಿಗಳನ್ನು ಎಣಿಸಿ ಮೊಹರು ಹೊಡೆದರು. ಆಕ್ಷೇಪಣೆ ಇದ್ದರೆ ಹದಿನಾಲ್ಕು ದಿನದೊಳಗೆ ತಿಳಿಸಬೇಕೆಂದು ಸಂಘದ ವಿಳಾಸಕ್ಕೆ ನೋಟಿಸು ಹೋಯಿತು. ಸಂಘದ ಅಂಚೆ ಪೆಟ್ಟಿಗೆಯ ಕೀಲಿ ಇರುವುದು ಫೋಟೋ ಅಣ್ಣನವರ ಹತ್ತಿರ, ಅವರು ಅದನ್ನು ತೆರೆಯುವುದು ಬಹುಮಾನದ ಪತ್ರ ಬರುವ ಕಾಲಕ್ಕೆ ಮಾತ್ರ. ನಾನು ದಿನವೂ ಬೆಳಿಗ್ಗೆ ಅದರ ಮುಂದೆ ನಡೆದು ಹೋಗುತ್ತಿದ್ದೆ. ಸೀಳಿನಲ್ಲಿ ಕಂದು ಲಕೋಟೆಯ ಮೂಲೆ ಕಾಣುತ್ತಿತ್ತು. ಯಾವ ದಿನ ಬೇಕಾದರೂ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಆಗಸ್ಟ್ 22ರಂದು ಸಂಘದ ಹೆಸರನ್ನು ನೋಂದಣಿಯಿಂದ ತೆಗೆದರು.

ಸೆಪ್ಟೆಂಬರ್ 9ರಂದು ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ರಾಜ್ಯ ಸ್ಪರ್ಧೆಯ ಕಾಗದಪತ್ರ ಪರಿಶೀಲನೆ ಇತ್ತು. ನಾನು ಅಂಗಡಿ ಮುಚ್ಚಿ, ಬಸ್ ಹತ್ತಿ, ಅದನ್ನು ನೋಡಲೆಂದೇ ಹೋಗಿದ್ದೆ. ಮೇಜಿನ ಹಿಂದಿದ್ದ ಅಧಿಕಾರಿ ಕಂಪ್ಯೂಟರ್ ನೋಡಿ, ಈ ಹೆಸರಿನ ಸಂಘವೇ ಇಲ್ವಲ್ಲ ಎಂದರು. ಫೋಟೋ ಅಣ್ಣನವರು ಮೂರು ಸಲ ಸಂಖ್ಯೆ ಹೇಳಿದರು. ಅಣ್ಣನ ಮಗಳು ಶೂ ಕಟ್ಟಿಕೊಂಡೇ ಮೆಟ್ಟಿಲ ಮೇಲೆ ಕುಳಿತು ಅತ್ತಳು. ಆ ಹುಡುಗಿಯದು ಏನೂ ತಪ್ಪಿಲ್ಲ. ಚಿಕ್ಕವಳಿದ್ದಾಗ ನನ್ನ ಮನೆಯಲ್ಲಿ ಮಗಳ ಜೊತೆ ಒಂದೇ ತಟ್ಟೆಯಲ್ಲಿ ಉಂಡವಳು. ಇದು ಗೊತ್ತಿದ್ದೇ ಮಾಡಿದ್ದೇನೆ. ಅವಳು ಅತ್ತಾಗ ನನಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಅರ್ಧ ಆಯಿತು, ಅರ್ಧ ಆಗಲಿಲ್ಲ.

ಅದೇ ದಿನ ಸಂಜೆ 5 ಗಂಟೆ 15 ನಿಮಿಷಕ್ಕೆ ಫೋಟೋ ಅಣ್ಣನವರು ನನ್ನ ಅಂಗಡಿಗೆ ಬಂದು ಕೂಗಾಡಿದರು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು, ಮಗಳು ಆಗಷ್ಟೇ ಗೋದಾಮಿನಿಂದ ಬಂದು ಮೆಟ್ಟಿಲ ಮೇಲೆ ನಿಂತಿದ್ದಳು. ಆ ದಿನ ನಾವು ಯಾರೂ ಸೇರೇ ಇಲ್ವಲ್ರೀ, ಮೋಸ ಇದು ಎಂದರು. ಸಹಿ ಇದೆ ಅಂದ್ರೆ ಬಂದಿರ್ತೀರಿ ಬಿಡಿ ಅಣ್ಣ ಎಂದೆ. ಅದು ಜನವರೀಲೇ ಖಾಲಿ ಪುಟಕ್ಕೆ ಹಾಕಿದ ಸಹಿ, ಎಲ್ಲಾ ಪುಟಕ್ಕೂ ಹಂಗೇ ಹಾಕಿದ್ದಲ್ವಾ ಎಂದು ಗಂಟಲು ಹರಿಯುವಂತೆ ಕೂಗಿದರು. ಎಲ್ಲಾ ಪುಟಕ್ಕಾ ಎಂದು ಕೇಳಿದೆ. ಹೂಂ, ಎಲ್ಲಾ ಪುಟಕ್ಕೂ ಎಂದರು.

ನಿನ್ನೆ ಅವರು ಕೊಟ್ಟ ದೂರನ್ನು ಇಂದು ಠಾಣೆಯಲ್ಲಿ ನನಗೆ ಓದಿ ಹೇಳಿದರು. ಅದರ ಮೂರನೇ ಪ್ಯಾರಾದಲ್ಲಿ 81ರಿಂದ 92ರವರೆಗಿನ ಎಲ್ಲ ಪುಟಗಳಿಗೂ ಜನವರಿ 7ರಂದೇ ಮುಂಚಿತವಾಗಿ ಸಹಿ ಪಡೆಯಲಾಗಿತ್ತೆಂದು ಬರೆದು, ಅವರೂ ಸೇರಿ ಆರು ಜನ ಸಹಿ ಹಾಕಿದ್ದಾರೆ. ಏಪ್ರಿಲ್‌ನಲ್ಲಿ ನೆನಪು ಹೋಗಿದ್ದವರಿಗೆಲ್ಲ ಸೆಪ್ಟೆಂಬರ್‌ನಲ್ಲಿ ಬಂದಿದೆ. ನಾನು ಐದು ತಿಂಗಳು ಕಾದದ್ದು ಈ ಒಂದು ಪ್ಯಾರಾಕ್ಕಾಗಿ.

ಆದ್ದರಿಂದ 88ನೇ ಪುಟ ಸುಳ್ಳೆಂದು ಒಪ್ಪುತ್ತೇನೆ, ಶಿಕ್ಷೆಗೂ ಸಿದ್ಧಳಿದ್ದೇನೆ. 84ನೇ ಪುಟವನ್ನೂ ಅದರ ಪಕ್ಕದಲ್ಲಿಟ್ಟು, ಅದೇ ಪರಿಶೀಲನೆ ಮಾಡಿ, ಅದನ್ನು ಬರೆದವರ ಮೇಲೂ ಇದೇ ಪ್ರಕರಣ ದಾಖಲಿಸಬೇಕೆಂದು ಕೋರುತ್ತೇನೆ. ಆಸ್ಪತ್ರೆಯ ಚೀಟಿ ಲಗತ್ತಿಸಿದೆ. ಮಗಳ ವಯಸ್ಸಿನ ಮಿತಿ ನವೆಂಬರ್‌ನಲ್ಲಿ ಮುಗಿಯುತ್ತದೆ, ಈ ವರ್ಷದ ಸ್ಪರ್ಧೆ ಅವಳಿಗೆ ಸಿಗುವುದಿಲ್ಲ ಎಂದು ನನಗೆ ಗೊತ್ತು. ಅವಳು ಅಶಿಸ್ತಿನವಳು ಎಂದು ಅಮ್ಮನೇ ಒಪ್ಪಿದ ಕಾಗದ ಈ ಊರಿನಲ್ಲಿ ಇರಬಾರದು.

ಇಷ್ಟು ಬರೆದ ಮೇಲೆ ಪೇದೆಯವರು ಹಾಳೆ ತಿರುಗಿಸಿ, ಇಲ್ಲಿ ಸಹಿ ಹಾಕಿ ಎಂದು ಕೆಳಗಿನ ತುದಿಯನ್ನು ತೋರಿಸಿದರು. ಕೊನೆಯ ಸಾಲಿಗೂ ಸಹಿಯ ಜಾಗಕ್ಕೂ ನಡುವೆ ಒಂದು ಗೇಣು ಖಾಲಿ ಇತ್ತು. ನಾನು ಪೆನ್ನು ತೆಗೆದುಕೊಂಡೆ. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಮಗಳು ಎದ್ದು ಬಾಗಿಲಿಗೆ ಬಂದು, ಅಮ್ಮ, ಓದಿ ಹಾಕು ಎಂದಳು. ಇದನ್ನೂ ಸೇರಿಸಿ ಬರೆಯಲು ಕೇಳಿಕೊಂಡೆ, ಬರೆದಿದ್ದಾರೆ.

ಮೇಲಿನದೆಲ್ಲ ನನ್ನ ಬಾಯಿಂದ ಬಂದದ್ದು, ನಿಜ. ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದ್ದೇನೆ, ಎರಡನೆಯ ಸಲ ಮಗಳು ಪಕ್ಕದಲ್ಲಿ ನಿಂತು ಓದಿದ್ದಾಳೆ. ಕೆಳಗೆ ಉಳಿದ ಖಾಲಿ ಜಾಗಕ್ಕೆ ಮೂಲೆಯಿಂದ ಮೂಲೆಗೆ ಅಡ್ಡಗೆರೆ ಎಳೆದು, ಆಮೇಲೆ ಸಹಿ ಹಾಕಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಸೆಪ್ಟೆಂಬರ್ 11, ಬುಧವಾರ, ಮಧ್ಯಾಹ್ನ 1 ಗಂಟೆ 35 ನಿಮಿಷ
ಸಹಿ: ಬೈಂಡಿಂಗ್ ಅಕ್ಕ
ಗೆರೆ ಎಳೆದದ್ದನ್ನು ಕಂಡವರು: ಮಗಳು