ನಲವತ್ತೊಂದು ಶಾಲು, ನಾಲ್ಕು ನಿಮಿಷ

ಒಂದೂರಲ್ಲಿ ಒಬ್ಬ ಹೆಂಗಸಿದ್ದಳು. ಅವಳಿಗೆ ಗಂಡನ ಹೆಣ ಸಿಕ್ಕಿರಲಿಲ್ಲ.

ಗಂಡ ಸೈನ್ಯದಲ್ಲಿದ್ದ. ಹಿಮದ ಗುಡ್ಡದ ಮೇಲೆ ಕಾಳಗವಾಯಿತು. ಆಮೇಲೆ ಮನೆಗೊಂದು ಕಾಗದ ಬಂತು. ಅದರಲ್ಲಿ ‘ಪತ್ತೆಯಾಗಿಲ್ಲ’ ಎಂದು ಬರೆದಿತ್ತು. ಊರಿನವರು ಏನು ಮಾಡಿದರು? ‘ಓಡಿಹೋಗಿದ್ದಾನೆ’ ಎಂದರು. ಯಾರಾದರೂ ನೋಡಿದ್ದರೇ? ಇಲ್ಲ. ನೋಡದವರೇ ಹೇಳಿದರು, ನೋಡದವರೇ ನಂಬಿದರು. ಈ ಕಥೆಯಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲ, ಅವನದೊಂದನ್ನು ಬಿಟ್ಟು. ಅವನ ಹೆಸರು ದ್ಯಾಮಣ್ಣ.

ವರ್ಷಗಳು ಕಳೆದವು. ಮಗಳು ಮದುವೆಗೆ ಬಂದಳು. ಅದೇ ಊರಿನ ಒಳ್ಳೆಯ ಮನೆತನದಿಂದ ಸಂಬಂಧವೂ ಬಂತು. ಹುಡುಗನಿಗೆ ಹುಡುಗಿ ಒಪ್ಪಿಗೆ, ಹುಡುಗಿಗೆ ಹುಡುಗ ಒಪ್ಪಿಗೆ. ಹುಡುಗನ ತಂದೆ ಮಾತ್ರ ತಡೆದ. ಯುದ್ಧದಿಂದ ಓಡಿಹೋದವನ ಮಗಳನ್ನು ತಂದುಕೊಂಡರೆ ನಾಲ್ಕು ಜನ ಏನಂದಾರು?

ಅದೇ ಗುಡ್ಡದ ಮೇಲೆ ಕಾದಾಡಿ ಬದುಕಿ ಬಂದವನು ಒಬ್ಬನೇ ಒಬ್ಬ. ಅವನಿಗೆ ದೇಶದ ಅತಿ ದೊಡ್ಡ ಶೌರ್ಯ ಪದಕ ಬಂದಿತ್ತು. ನೋಡಿ, ಆ ಪದಕ ಎಂಥದೆಂದರೆ ಅದನ್ನು ಧರಿಸಿದ ಸಾಮಾನ್ಯ ಸಿಪಾಯಿಗೆ ದೊಡ್ಡ ದೊಡ್ಡ ಅಧಿಕಾರಿಗಳೂ ಸೆಲ್ಯೂಟ್ ಹೊಡೆಯುತ್ತಾರೆ. ಬಹಳ ಜನರಿಗೆ ಅದು ಸತ್ತ ಮೇಲೆಯೇ ಬರುವುದು. ಇವನು ಬೇರೆ ತಾಲೂಕಿನವನು. ಸನ್ಮಾನ ಎಂದರೆ ದೂರ ಇರುತ್ತಿದ್ದ. ಹೆಂಗಸು ಅವನ ಮನೆ ಹುಡುಕಿಕೊಂಡು ಹೋದಳು. ಊರಲ್ಲಿ ಹಬ್ಬಿದ ಮಾತು ಅವನಿಗೆ ಅವತ್ತೇ ಗೊತ್ತಾದದ್ದು. ನೀರು ಕುಡಿಯುತ್ತಿದ್ದವನು ಲೋಟ ಕೆಳಗಿಟ್ಟ. ಅವಳ ಜೊತೆಗೇ ಹೊರಟು ನೇರ ಹುಡುಗನ ತಂದೆಯ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ.

ಆ ತಂದೆ ಕೆಟ್ಟವನಲ್ಲ. ಆದರೆ ಊರಿಗೆ ಅಂಜುವವನು. ಅವನು ಹೇಳಿದ: “ನಾ ನಂಬತೀನ್ರಿ ಸಾಹೇಬ್ರ. ಆದ್ರ ಮನಿಯೊಳಗ ಹೇಳಿದ್ದು ಮನಿಯೊಳಗ ಉಳಿತೈತಿ. ಊರ ಮುಂದ ಮೈಕಿನಾಗ ಹೇಳ್ರಿ. ನಾಳೆ ಯಾರೂ ಬಾಯಿ ತಗಿಯೂದಿಲ್ಲ.”

ಆ ಊರಿನ ಸಮಿತಿಯವರು ಪದಕದವನನ್ನು ವರ್ಷ ವರ್ಷ ಸನ್ಮಾನಕ್ಕೆ ಕರೆಯುತ್ತಿದ್ದರು. ಈ ಸಲ ಅವನು ಒಪ್ಪಿಕೊಂಡ.

ಬೆಳಿಗ್ಗೆ ಹನ್ನೊಂದಕ್ಕೆ ಕಾರ್ಯಕ್ರಮ. ಬೈಕ್ ಮೆರವಣಿಗೆ, ಪೇಟ, ಹಾರ. ವ್ಯಾಪಾರಿಗಳ ಸಂಘದ ಒಂದು ಶಾಲು, ನೇಕಾರರ ಸಂಘದ ಒಂದು ಶಾಲು, ಪ್ರತಿ ಓಣಿಯ ಯುವಕ ಮಂಡಳಿಯದು ಒಂದೊಂದು. ಒಟ್ಟು ನಲವತ್ತೊಂದು. ಪ್ರತಿ ಶಾಲಿಗೂ ಫೋಟೊ. ಅವನು ಸಮಿತಿಯ ಅಧ್ಯಕ್ಷರ ಕಿವಿಯ ಹತ್ತಿರ ಬಾಗಿ, ನಾನು ಮೊದಲು ಎರಡು ಮಾತಾಡಬೇಕು, ಅದಕ್ಕೇ ಬಂದಿದ್ದೇನೆ ಎಂದ. ಅಧ್ಯಕ್ಷರು ಅವನ ಕೈ ಹಿಡಿದುಕೊಂಡರು.

“ನಿಮ್ಮನ್ನ ಮೊದಲಿಗೆ ಮಾತಾಡ್ಸೂದಾ? ನಮಗೇನು ತಿಳಿವಳಿಕಿ ಇಲ್ಲೇನ್ರಿ? ದೊಡ್ಡವ್ರ ಮಾತು ಕಡೀಕ.”

ನೋಡಿ, ಇದು ನಮ್ಮ ಪದ್ಧತಿ. ದೊಡ್ಡವರ ಮಾತು ಕೊನೆಗೆ. ಗೌರವಕ್ಕಾಗಿಯೇ ಮಾಡಿದ್ದು, ಅವಮಾನಕ್ಕಲ್ಲ. ಸ್ವಾಗತ ಭಾಷಣ, ಪ್ರಾಸ್ತಾವಿಕ ಭಾಷಣ, ದಾನಿಗಳ ಪಟ್ಟಿ, ತಡವಾಗಿ ಬಂದ ಮುಖಂಡರಿಗಾಗಿ ಮತ್ತೊಂದು ಸ್ವಾಗತ. ಎರಡೂವರೆಯಾದರೂ ಮುಗಿಯಲಿಲ್ಲ. ಪಕ್ಕದ ಓಣಿಯಲ್ಲಿ ಊಟ ಬಡಿಸಲು ಶುರುವಾಯಿತು. ಅಲ್ಲಿಯ ಹಾರ್ನ್ ಸ್ಪೀಕರಿನಲ್ಲಿ ಯಾರೋ ದೇಶಭಕ್ತಿಗೀತೆ ಹಾಕಿದರು. ಜನ ಎದ್ದರು. ಹಸಿವು, ತಪ್ಪಲ್ಲ. ಹುಡುಗನ ತಂದೆಯೂ ಅರ್ಧ ಗಂಟೆ ಕೂತು ನೋಡಿ, ಬೀಗರಾಗುವವರ ಜೊತೆಯಲ್ಲೇ ಊಟ ಮಾಡಿದರಾಯಿತೆಂದು ತಡೆದು, ಕೊನೆಗೆ ಹಸಿವು ತಾಳದೆ ಎದ್ದ.

ಆಗ ಮೈಕ್ ಇವನ ಕೈಗೆ ಬಂತು.

“ದ್ಯಾಮಣ್ಣ ಓಡಿ ಹೋಗಲಿಲ್ಲ. ನಮ್ಮ ಕಡೆ ಗುಂಡು ಮುಗದಿದ್ವು. ತರಾಕ ಕೆಳಗ ಇಳದ. ಎರಡು ಸಲ ಪೆಟಗಿ ಹೊತ್ತು ತಂದ. ಮೂರನೇ ಸಲ ಇಳದಾಗ ಹಿಮ ಕುಸೀತು. ನನ್ನ ಕಣ್ಣ ಮುಂದ ಕುಸೀತು. ಅವ ತಂದ ಗುಂಡಿನಿಂದ ನಾ ಹೊಡದೆ. ಪದಕ ನನಗ ಕೊಟ್ರು.”

ಕೇಳಿದವರು ಯಾರು? ತಾಯಿ, ಮಗಳು, ಶಾಮಿಯಾನ ಬಿಚ್ಚಲು ಕಾಯುತ್ತಿದ್ದ ಇಬ್ಬರು. ಆ ಇಬ್ಬರೂ ಪಕ್ಕದೂರಿನವರು.

ಹುಡುಗನ ತಂದೆ ಕೈ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಮಾತು ಮುಗಿದಿತ್ತು. ಆಮೇಲೆ ನಾಲ್ಕು ಜನರನ್ನು ಕೇಳಿದ. ಸಾಹೇಬರು ಏನು ಹೇಳಿದರೋ ನಮಗೆ ಕೇಳಿಸಲಿಲ್ಲ ಎಂದರು ನಾಲ್ವರೂ. ಊರಿನ ಮಾತು ಇದ್ದಲ್ಲೇ ಇತ್ತು. ವಾರದೊಳಗೆ ಅವನು ಮಗನಿಗೆ ಬೇರೆ ಕಡೆ ಹುಡುಗಿ ಗೊತ್ತುಮಾಡಿ ವೀಳ್ಯ ಕೊಟ್ಟ.

ಪದಕದವನು ಹೆಂಗಸಿಗೆ ಹೇಳಿ ಕಳಿಸಿದ, ಮುಂದಿನ ವರ್ಷ ಮತ್ತೆ ಬರುತ್ತೇನೆ ಎಂದು. ಅವಳು ಹೇಳಿ ಕಳಿಸಿದಳು: “ಬ್ಯಾಡಣ್ಣಾ. ಮತ್ತ ಶಾಲು ಹೊದಸತಾರ.”

ಈಗ ನಿಮ್ಮ ಕಡೆ ಬರುತ್ತೇನೆ. ಆ ಊರಿನವರಿಗೆ ಪ್ರೀತಿ ಇರಲಿಲ್ಲವೇ? ಇತ್ತು. ನಲವತ್ತೊಂದು ಶಾಲು ಪ್ರೀತಿ ಇಲ್ಲದೆ ಬರುವುದಿಲ್ಲ. ಕಿವಿ ಇರಲಿಲ್ಲ. ನಾವು ವೀರನನ್ನು ನೋಡಲು ಹೋಗುತ್ತೇವೆ, ಕೇಳಲು ಹೋಗುವುದಿಲ್ಲ. ಅವನ ಎದೆಯ ಮೇಲಿನ ಪದಕ ಕಾಣುತ್ತದೆ. ಅವನ ಪಕ್ಕದಲ್ಲಿ ಸತ್ತವರು ಕಾಣುವುದಿಲ್ಲ, ಅವರ ಸುದ್ದಿ ಅವನ ಬಾಯಿಂದಲೇ ಬರಬೇಕು.

ಆದ್ದರಿಂದ ಕೇಳಿ. ಇನ್ನು ಮೇಲೆ ಅಂಥವನನ್ನು ಕರೆದರೆ ಮೊದಲು ಮೈಕ್ ಕೊಡಿ, ಶಾಲು ಆಮೇಲೆ. ಅವನ ಮಾತು ಮುಗಿಯುವವರೆಗೆ ಒಲೆಯ ಮೇಲಿನ ಪಾತ್ರೆ ಇಳಿಸಬೇಡಿ. ರಜೆಗೆ ಬಂದ ಸಿಪಾಯಿ ನಿಮ್ಮ ಮನೆಯಲ್ಲೇ ಇದ್ದಾನು. ಎಷ್ಟು ಜನರನ್ನು ಹೊಡೆದೆ ಎಂದು ಕೇಳಬೇಡಿ, ನಿನ್ನ ಜೊತೆ ಯಾರಿದ್ದರು ಎಂದು ಕೇಳಿ, ಕೇಳಿದ ಮೇಲೆ ಕೂತಿರಿ. ಒಬ್ಬ ಹೇಗೆ ಸತ್ತನೆಂದು ಗೊತ್ತಿಲ್ಲವೇ? ಗೊತ್ತಿಲ್ಲ ಎನ್ನಿ. ಅಷ್ಟು ಹೇಳಲು ಯಾವ ಶೌರ್ಯವೂ ಬೇಡ.

ಆ ಊರಲ್ಲಿ ಅವತ್ತು ನಾಲ್ಕು ನಿಮಿಷ ಕೂತಿದ್ದರೆ ಸಾಕಿತ್ತು. ಕೂರಲಿಲ್ಲ. ಹೋದದ್ದು ಎರಡು: ಒಂದು ಮದುವೆ, ಒಬ್ಬ ಸತ್ತವನ ಮಾನ.