ಚಮಚದ ಸದ್ದು

ಪುತ್ತೂರಿನ ನರರೋಗದ ಡಾಕ್ಟರ ಬಾಗಿಲ ಹೊರಗೆ, ನಡುಗುವ ಬಲಗೈಯನ್ನು ತೊಡೆಯಡಿ ಒತ್ತಿಕೊಂಡು ಕೂತಿದ್ದ ಕುಶಾಲಪ್ಪನ ಕಿವಿಗೆ ಪಕ್ಕದ ಬೆಂಚಿನ ಮಾತು ಬಿತ್ತು. ಸುಳ್ಯ ಕಡೆಯ ಹುಡುಗಿಯೊಬ್ಬಳು ಇಚಿಲಂಪಾಡಿಯ ಹೆಂಗಸನ್ನು ಕೇಳುತ್ತಿದ್ದಳು.

“ನಮ್ಮ ಅಪ್ಪನಿಗೂ ಕೈ ನಡುಗ್ತದೆ, ಅಕ್ಕ. ನಿಮ್ಮ ಯಜಮಾನರಿಗೆ ಊಟಕ್ಕೆ ಎಂತ ಕೊಡುದು?”

“ಮಾತ್ರೆ ಬಿಡ್ಲಿಕ್ಕಿಲ್ಲ. ಅದರೊಟ್ಟಿಗೆ ರಾಗಿ ಮಣ್ಣಿ, ನುಗ್ಗೆಸೊಪ್ಪು, ಬಂಗುಡೆ ಮೀನು, ಒಂದೆಲಗದ ಚಟ್ನಿ. ನಾನೇ ಅರೆದು ಕೊಡುದು.”

“ಅವರೇ ತಿಂತಾರಾ?”

“ಮೊದಲು ಚಮಚದಲ್ಲಿ ತಿಂತಿದ್ರು. ಕೈ ನಡುಗಿ ಚಮಚ ಬಟ್ಟಲಿಗೆ ತಾಗುವ ಸದ್ದು ಅಡಿಗೆಕೋಣೆಗೆ ಕೇಳ್ತಿತ್ತು.”

“ಈಗ?”

“ಈಗ ಎಲೆ ಹಾಕಿ ಬಡಿಸಿ, ಬದಿಯಲ್ಲಿ ಅದೇ ಬಟ್ಟಲು, ಚಮಚ ಇಟ್ಟು, ಬಾಗಿಲು ಎಳೆದು ಹೊರಗೆ ನಿಲ್ಲುದು.”

ಹುಡುಗಿ ಹೆಂಗಸಿನ ಕಡೆ ತಿರುಗಿ ಕೂತಳು.

“ಅಕ್ಕ, ಹಾಗೆ ಬಡಿಸುದು ತೀರಿಕೊಂಡವರಿಗೆ ಅಲ್ವಾ? ಅದೂ ಆಟಿ ತಿಂಗಳಲ್ಲಿ ಒಮ್ಮೆ?”

“ಹೌದು. ಅವರು ಹೋಗಿ ಎರಡು ವರ್ಷ ಆಯ್ತು. ವರ್ಷಕ್ಕೊಮ್ಮೆ ತಿಂದರೆ ಈ ಕಾಯಿಲೆ ಹತೋಟಿಗೆ ಬರ್ತದಾ ಮಾರಾಯ್ತಿ? ನಾನು ದಿನಾ ಬಡಿಸ್ತೇನೆ.”

“ಮತ್ತೆ… ಇಲ್ಲಿಗೆ ಬಂದದ್ದು?”

“ಬಾಗಿಲಿನ ಆಚೆ ಚಮಚದ ಸದ್ದು ಈಗ ಮೊದಲಿನಷ್ಟು ಇಲ್ಲ. ಡಾಕ್ಟ್ರಿಗೆ ಹೇಳ್ಬೇಡ್ವಾ?”

“ದೂಮಣ್ಣ ರೈ!” ನರ್ಸ್ ಕೂಗಿದಳು.

ಹೆಂಗಸು ಗಂಡನ ಮಾಸಿದ ಫೈಲು ಎತ್ತಿಕೊಂಡು ಎದ್ದಳು. ಬಾಗಿಲು ತೆರೆದು, ಯಾರನ್ನೋ ಮೊದಲು ಒಳಗೆ ಬಿಡುವವಳಂತೆ ಅದನ್ನು ಹಿಡಿದು ನಿಂತಳು. ಕುಶಾಲಪ್ಪ ತನಗರಿವಿಲ್ಲದೆ, ದಾಟುವವರಿಗೆ ಅಡ್ಡವಾಗದಂತೆ ಕಾಲು ಹಿಂದಕ್ಕೆ ಎಳೆದುಕೊಂಡ.